ಜಾಮಾ ಮಸೀದಿಯ ಮೆಟ್ಟಿಲ ಮೇಲೆ ಕಟ್ಟಿದ ಲೋಕಗಳು

ಸಯ್ಯದ್ ಅಹ್ಮದ್ ಖಾನರು 1847ರಲ್ಲಿ ಹೊರತಂದ ‘ಆಸಾರ್-ಉಸ್-ಸನಾದೀದ್’ ದೆಹಲಿಯ ಕಟ್ಟಡಗಳನ್ನು ಕುರಿತ ಗ್ರಂಥ. ಗುಮ್ಮಟ, ಕಮಾನು, ಶಾಸನಗಳ ವಿವರ ಕೊಡುತ್ತ ಸಾಗುವ ಈ ಪುಸ್ತಕ ಜಾಮಾ ಮಸೀದಿಯ ಉತ್ತರದ ಬಾಗಿಲಿಗೆ ಬಂದಾಗ ಅಲ್ಲಿನ 39 ಮೆಟ್ಟಿಲುಗಳ ಜೊತೆಗೆ ಅವುಗಳ ಮೇಲೆ ನೆರೆಯುವ ಜನರನ್ನೂ ದಾಖಲಿಸುತ್ತದೆ. ಹೊತ್ತು ಇಳಿಯುತ್ತಿದ್ದಂತೆ ದಾಸ್ತಾನ್‌ಗೋ, ಅಂದರೆ ದೀರ್ಘಕಥೆ ಹೇಳುವ ಕಸುಬಿನವನು, ಬಂದು ತನ್ನ ಮೋಢಾ (ಬೆತ್ತದ ಪೀಠ) ಹಾಕಿಕೊಂಡು ಕೂರುತ್ತಾನೆ. ಅಮೀರ್ ಹಮ್ಜಾನ ಕಥೆ ಶುರುವಾಗುತ್ತದೆ. ಇನ್ನೊಂದು ಬದಿಯಲ್ಲಿ ದಾನಶೂರ ಹಾತಿಮ್ ತಾಯಿಯ ಕಥೆ, ಮತ್ತೊಂದೆಡೆ ‘ಬೋಸ್ತಾನ್-ಎ-ಖಯಾಲ್’. ಕೇಳುವುದಕ್ಕೆ ನೂರಾರು ಜನ. ದಿನಗಟ್ಟಲೆ ಕೇಳಿದರೂ ಮುಗಿಯದ ಲೋಕಗಳು ಒಂದೇ ಕಟ್ಟಡದ ನೆರಳಿನಲ್ಲಿ ಅಕ್ಕಪಕ್ಕ ನಡೆಯುತ್ತಿದ್ದವು. ಬೇಕಾದವರು ಬೇಕಾದ ಕಡೆ ಹೋಗಿ ಕೂರಬಹುದಿತ್ತು.

ಕಲ್ಪಿತ ಲೋಕಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈ ಪುಟವನ್ನು ತೆರೆಯುವುದಿಲ್ಲ. ಅವರ ಚರಿತ್ರೆಗೆ ಬೇರೆ ಮೈಲಿಗಲ್ಲುಗಳಿವೆ. 1939ರಲ್ಲಿ ಜೆ.ಆರ್.ಆರ್. ಟೋಲ್ಕಿನ್ ಮಾಡಿದ ಒಂದು ಉಪನ್ಯಾಸ ಕಥೆಗಾರನನ್ನು ಉಪಲೋಕವೊಂದರ ಸೃಷ್ಟಿಕರ್ತನೆಂದು ಕರೆಯಿತು. 1954–55ರಲ್ಲಿ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಂತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಪ್ರಕಟಿಸಿದರು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಗೇಮ್ ಮಾಸ್ಟರ್ ಒಬ್ಬ ಬಣ್ಣಿಸುವ ಲೋಕದೊಳಗೆ ತಾವು ಯೋಧರೋ ಮಾಂತ್ರಿಕರೋ ಕಳ್ಳರೋ ಆಗಿ, ಬಾಯಿಮಾತು ಮತ್ತು ದಾಳಗಳ ಬಲದಿಂದ ಕಥೆ ನಡೆಸುವ ಆಟ ಅದು. ಈ ಸರಣಿಯಲ್ಲಿ ಮೊದಲು ಲೇಖಕ, ಆಮೇಲೆ ಪುಸ್ತಕ, ಕೊನೆಗೆ ಆಟ ಎಂಬ ಕ್ರಮವಿದೆ. ಲೋಕ ಒಬ್ಬನ ತಲೆಯಲ್ಲಿ ಹುಟ್ಟಿ ಆಮೇಲೆ ಗುಂಪಿಗೆ ಇಳಿದು ಬರುತ್ತದೆ ಎಂಬ ನಂಬಿಕೆಯೂ ಇದೆ. ದೆಹಲಿಯ ದಾಸ್ತಾನಿನ ಚರಿತ್ರೆ ಈ ಕ್ರಮವನ್ನು ತಿರುವುಮುರುವು ಮಾಡುತ್ತದೆ. ಇಲ್ಲಿ ಲೋಕ ಗುಂಪಿನ ನಡುವೆಯೇ ಬೆಳೆಯಿತು, ಪುಸ್ತಕ ಬಂದದ್ದು ಕೊನೆಗೆ. ಅದು ಬೆಳೆದ ಬಗೆ ನೋಡಿದರೆ ಹೊಸ ಲೋಕವೊಂದನ್ನು ಕಟ್ಟುವುದಕ್ಕೆ ಅದ್ಭುತ ಕಲ್ಪನೆಗಿಂತ ಮೊದಲು ಮೂರು ಸಂಗತಿ ಬೇಕೆಂದು ಗೊತ್ತಾಗುತ್ತದೆ: ಬದಲಾಗದ ಕೆಲವು ಕಟ್ಟಳೆಗಳು, ಅವುಗಳೊಳಗೆ ಸ್ವತಂತ್ರವಾಗಿ ಹರಿಯುವ ಮಾತು, ಆ ಮಾತನ್ನು ತಡೆದು ಕೇಳಬಲ್ಲ ಸಭೆ.

ಹಮ್ಜಾನ ಕಥೆಯ ಮೂಲ ಪರ್ಷಿಯನ್ ಭಾಷೆಯದು. ಪ್ರವಾದಿಯವರ ಚಿಕ್ಕಪ್ಪ ಹಮ್ಜಾನ ಹೆಸರು ಮಾತ್ರ ಚರಿತ್ರೆಯದು. ಅವನು ಕಾಫ್ ಪರ್ವತಕ್ಕೆ ಹೋಗಿ ದೈತ್ಯರನ್ನು ಗೆದ್ದದ್ದು, ಕಿನ್ನರಿಯಂಥ ಪರಿಯನ್ನು ಮದುವೆಯಾದದ್ದು ಎಲ್ಲವೂ ಕಥೆಗಾರರ ಸೇರ್ಪಡೆ. ಮೊಗಲರ ಕಾಲಕ್ಕೆ ಇದು ಅರಮನೆಯ ಮೆಚ್ಚಿನ ಕಥೆಯಾಗಿತ್ತು. 1564ರಲ್ಲಿ ನರ್ವರದ ಕಾಡಿನಲ್ಲಿ ಆನೆ ಬೇಟೆಯಾಡಿ ದಣಿದ ಅಕ್ಬರ್, ದರ್ಬಾರ್ ಖಾನ್ ಎಂಬ ಕಥೆಗಾರನಿಂದ ಹಮ್ಜಾನ ಕಥೆ ಕೇಳಿದನೆಂದು ಅಬುಲ್ ಫಜಲ್ ಬರೆಯುತ್ತಾನೆ. ಇದೇ ಅಕ್ಬರ್ ಮೀರ್ ಸಯ್ಯದ್ ಅಲಿ ಮತ್ತು ಅಬ್ದುಸ್ಸಮದ್ ಎಂಬ ಚಿತ್ರಕಾರರ ಮೇಲ್ವಿಚಾರಣೆಯಲ್ಲಿ, ಸುಮಾರು 15 ವರ್ಷಗಳ ಅವಧಿಯಲ್ಲಿ, 1400ರಷ್ಟು ಚಿತ್ರಗಳ ‘ಹಮ್ಜಾನಾಮಾ’ ಮಾಡಿಸಿದ. ಬಟ್ಟೆಯ ಮೇಲೆ ಬರೆದ ಈ ಚಿತ್ರಗಳ ಎತ್ತರ ಎರಡು ಅಡಿಗೂ ಹೆಚ್ಚು. ಅವುಗಳ ಹಿಂಬದಿಯಲ್ಲಿ ಕಥಾಭಾಗವಿದೆ. ಮಡಿಲಲ್ಲಿಟ್ಟು ಒಬ್ಬನೇ ಓದುವ ಪುಸ್ತಕಕ್ಕೆ ಇಷ್ಟು ದೊಡ್ಡ ಹಾಳೆ ಬೇಕಿಲ್ಲ. ಎದುರು ಕೂತವರಿಗೆ ಚಿತ್ರ ಕಾಣಬೇಕು, ಹಿಂದಿನಿಂದ ಕಥೆ ಕೇಳಬೇಕು ಎಂಬ ಲೆಕ್ಕಾಚಾರಕ್ಕೆ ಈ ಅಳತೆ ಹೊಂದುತ್ತದೆ. ಇಂದು 200ಕ್ಕಿಂತ ಕಡಿಮೆ ಚಿತ್ರಗಳು ಉಳಿದಿವೆ. ಸಾಮ್ರಾಜ್ಯದ ಖಜಾನೆಯೇ ಹಣ ಹೂಡಿದಾಗಲೂ ಈ ಲೋಕ ಸಭೆಯಲ್ಲಿ ಹೇಳುವ ರೂಪವನ್ನು ಬಿಟ್ಟುಕೊಡಲಿಲ್ಲ ಎಂಬುದಕ್ಕೆ ಅವುಗಳ ಆಕಾರವೇ ಸಾಕ್ಷಿ.

ಕಥೆಗಾರನ ಮಾತು ಅಂಕೆಯಿಲ್ಲದ ಹರಟೆ ಆಗಿರಲಿಲ್ಲ. 1630ರ ದಶಕದ ಆರಂಭದಲ್ಲಿ, ಇರಾನಿನಿಂದ ವಲಸೆ ಬಂದ ಅಬ್ದುನ್ನಬೀ ಫಖ್ರುಜ್ಜಮಾನಿ ಎಂಬಾತ ‘ತಿರಾಜ್-ಉಲ್-ಅಖ್ಬಾರ್’ ಎಂಬ ಕೈಪಿಡಿಯನ್ನು ಭಾರತದಲ್ಲೇ ಬರೆದ. ಹಮ್ಜಾನ ಕಥೆ ಹೇಳುವವರಿಗೆಂದೇ ಸಿದ್ಧಪಡಿಸಿದ ಪುಸ್ತಕ ಅದು. ಯುದ್ಧ, ರಾಜಸಭೆ, ಪ್ರೇಮ, ಮಾಯಾವಿ ಗೂಢಚಾರರ ತಂತ್ರ ಎಂದು ಸನ್ನಿವೇಶಗಳನ್ನು ವಿಂಗಡಿಸಿ, ಒಂದೊಂದಕ್ಕೂ ಬಳಸಬಹುದಾದ ಗದ್ಯ ಪದ್ಯಗಳ ದಾಸ್ತಾನನ್ನೇ ಅದು ಒದಗಿಸುತ್ತದೆ. ಇಂದಿನ ಗೇಮ್ ಮಾಸ್ಟರ್ ಕೈಗೆ ಕೊಡುವ ಪುಸ್ತಕವೂ ಮಾಡುವುದು ಇದನ್ನೇ. ಅದು ಕಥೆ ಕೊಡುವುದಿಲ್ಲ, ಕಥೆ ಹುಟ್ಟಿಸುವ ಸಾಮಗ್ರಿ ಕೊಡುತ್ತದೆ: ಆಯುಧಗಳ ಪಟ್ಟಿ, ಪ್ರಾಣಿಗಳ ಪಟ್ಟಿ, ಊರು ಬಣ್ಣಿಸುವ ಬಗೆ. ದಾಸ್ತಾನಿನ ಪಟ್ಟಿಗಳು ಓದುಗನಿಗೆ ಬೇಸರ ತರುತ್ತವೆ ಎಂಬ ದೂರಿದೆ. ಖಡ್ಗದ ಹತ್ತು ಜಾತಿ, ಆಭರಣದ ಇಪ್ಪತ್ತು ಹೆಸರು, ಅಡುಗೆಯ ಮೂವತ್ತು ಬಗೆ ಬಂದಾಗ ಪುಟ ಮಗುಚುವುದು ಸಹಜ. ಆದರೆ ಕೇಳುವ ಸಭೆಗೆ ಆ ಪಟ್ಟಿಯೇ ನೆಲಗಟ್ಟು. ಲೋಕದಲ್ಲಿ ಏನೇನಿದೆ ಎಂದು ಹೇಳಿದವನು, ಮುಂದೆ ಅದರಲ್ಲಿ ಯಾವುದನ್ನು ಎತ್ತಿಕೊಂಡರೂ ಸಭೆ ಒಪ್ಪುತ್ತದೆ. ಹೇಳದೆ ಇದ್ದದ್ದನ್ನು ನಾಯಕನ ಪ್ರಾಣ ಉಳಿಸಲು ತಟ್ಟನೆ ತಂದರೆ ಸಭೆ ಗೊಣಗುತ್ತದೆ.

ಕಟ್ಟಳೆಗಳ ಬಿಗಿ ಚೆನ್ನಾಗಿ ಕಾಣುವುದು ತಿಲಿಸ್ಮ್ ಎಂಬ ಕಲ್ಪನೆಯಲ್ಲಿ. ತಿಲಿಸ್ಮ್ ಎಂದರೆ ಮಾಂತ್ರಿಕನೊಬ್ಬ ಕಟ್ಟಿದ ಮಾಯಾಸೀಮೆ. ಅದಕ್ಕೆ ತನ್ನದೇ ಆಕಾಶ, ನದಿ, ನಗರ, ದೊರೆ. ಒಳಹೊಕ್ಕವನು ತಾನಾಗಿ ಹೊರಬರಲಾರ. ಆದರೆ ಪ್ರತಿ ತಿಲಿಸ್ಮಿಗೂ ಕೊನೆಯೊಂದು ಮೊದಲೇ ನಿಗದಿಯಾಗಿರುತ್ತದೆ. ಅದನ್ನು ಒಡೆಯಬೇಕಾದವನ ಹೆಸರು ಗೊತ್ತಿರುತ್ತದೆ, ಒಡೆಯುವ ಬಗೆಯನ್ನು ಹೇಳುವ ‘ಲೌಹ್’ ಎಂಬ ಫಲಕವೊಂದು ಎಲ್ಲೋ ಅಡಗಿರುತ್ತದೆ. ಇವುಗಳಲ್ಲೆಲ್ಲ ಪ್ರಸಿದ್ಧವಾದ ಹೋಶ್‌ರುಬಾ ಎಂಬ ತಿಲಿಸ್ಮಿನ ದೊರೆ ಅಫ್ರಾಸಿಯಾಬ್. ಅವನ ರಾಜ್ಯಕ್ಕೆ ಮೂರು ಭಾಗ: ಕಣ್ಣಿಗೆ ಕಾಣುವ ಜಾಹಿರ್, ಮರೆಯಾಗಿರುವ ಬಾತಿನ್, ಕತ್ತಲಿನ ಜುಲ್ಮಾತ್. ಕಾಣುವ ಭಾಗವನ್ನೂ ಮರೆಯ ಭಾಗವನ್ನೂ ರಕ್ತದ ನದಿಯೊಂದು ಬೇರ್ಪಡಿಸುತ್ತದೆ. ಅದರ ಮೇಲೆ ಹೊಗೆಯ ಸೇತುವೆ, ಕಾವಲಿಗೆ ಹೊಗೆಯ ಎರಡು ಸಿಂಹ, ನಡುವೆ ಮೂರಂತಸ್ತಿನ ಗೋಪುರ. ಕೆಳಗಿನ ಅಂತಸ್ತಿನಲ್ಲಿ ಪರಿಯರು ಕಹಳೆ ಹಿಡಿದು ನಿಂತಿದ್ದಾರೆ. ನಡುವಿನದರಲ್ಲಿ ಮೀನುಗಳಿಗೆ ಮುತ್ತು ಎಸೆಯುತ್ತಿದ್ದಾರೆ. ಮೇಲಿನದರಲ್ಲಿ ದೈತ್ಯಾಕಾರದ ಹಬಶಿ ಯೋಧರು ಒಬ್ಬರನ್ನೊಬ್ಬರು ಕಡಿಯುತ್ತಿದ್ದಾರೆ, ಅವರ ಗಾಯಗಳಿಂದ ಸುರಿದ ರಕ್ತವೇ ಕೆಳಗೆ ನದಿಯಾಗಿ ಹರಿಯುತ್ತದೆ. ಈ ಚಿತ್ರದ ಬೆಡಗಿಗೆ ಬೆರಗಾಗುವಾಗ ಅದರೊಳಗಿನ ಅಚ್ಚುಕಟ್ಟು ತಪ್ಪಿಹೋಗಬಾರದು. ನದಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಗೋಪುರದ ಮೂರನೆಯ ಅಂತಸ್ತಿನಲ್ಲಿ ಉತ್ತರವಿದೆ. ಹೀಗೆಯೇ, ಮಾಂತ್ರಿಕನೊಬ್ಬ ಸತ್ತರೆ ಬಿರುಗಾಳಿ ಏಳಬೇಕು, ಸತ್ತವನ ಹೆಸರನ್ನು ದನಿಯೊಂದು ಸಾರಬೇಕು. ಆದ್ದರಿಂದ ವೇಷ ಮರೆಸಿಕೊಂಡು ಕೊಂದವನಿಗೂ ಸದ್ದಿಲ್ಲದೆ ಕೊಂದು ಹೋಗುವ ಅನುಕೂಲವಿಲ್ಲ. ಕಥೆಯ ರೋಚಕತೆ ಹುಟ್ಟುವುದು ಈ ಅಡಚಣೆಯಿಂದ.

ಮಾಂತ್ರಿಕರಿಗೆ ಎದುರಾಗಿ ನಿಲ್ಲುವವರು ಅಯ್ಯಾರರು: ವೇಷಗಾರರು, ಗೂಢಚಾರರು, ಕಳ್ಳರು, ಹಾಸ್ಯಗಾರರು ಎಲ್ಲವೂ ಒಬ್ಬನಲ್ಲೇ. ಅವರ ಮುಖಂಡ ಅಮರ್ ಅಯ್ಯಾರನ ಬಳಿ ಜಂಬೀಲ್ ಎಂಬ ಚೀಲವಿದೆ. ಊರುಗಳನ್ನೇ ನುಂಗುವಷ್ಟು ಅದರ ಒಡಲು. ಮೈಮೇಲೆ ಹೊದ್ದರೆ ಯಾರಿಗೂ ಕಾಣದಂತಾಗುವ ಕಂಬಳಿಯೂ ಅವನಿಗಿದೆ. ಆದರೂ ಅವನ ನಿಜವಾದ ಬಲ ಬುದ್ಧಿ. ಲೋಭ ಅವನ ದೌರ್ಬಲ್ಯ. ಪಾತ್ರಕ್ಕೆ ಒಂದು ವೃತ್ತಿ, ವೃತ್ತಿಗೆ ತಕ್ಕ ಸಾಮಾನು, ಸಾಮಾನಿಗೊಂದು ಮಿತಿ, ಮಿತಿಯ ಜೊತೆಗೆ ಒಂದು ಚಾಳಿ ಎಂಬ ಈ ಹೊಂದಾಣಿಕೆ ಗಟ್ಟಿಯಾಗಿದ್ದುದರಿಂದಲೇ ಅದು ಬೇರೆ ಕೈಗಳಿಗೂ ಸುಲಭವಾಗಿ ದಾಟಿತು. ದೇವಕೀನಂದನ ಖತ್ರಿ 1888ರಲ್ಲಿ ಹಿಂದಿಯಲ್ಲಿ ‘ಚಂದ್ರಕಾಂತಾ’ ಬರೆದಾಗ ಅಯ್ಯಾರರನ್ನೂ ತಿಲಿಸ್ಮನ್ನೂ ಎತ್ತಿಕೊಂಡು, ಮಂತ್ರವಿದ್ಯೆಯ ಜಾಗದಲ್ಲಿ ಯಂತ್ರ ಮತ್ತು ಗುಟ್ಟಿನ ಬಾಗಿಲುಗಳನ್ನಿಟ್ಟರು. 1990ರ ದಶಕದಲ್ಲಿ ದೂರದರ್ಶನದಲ್ಲಿ ಅದರ ಧಾರಾವಾಹಿ ಬಂದಾಗ, ಉರ್ದು ದಾಸ್ತಾನಿನ ಹೆಸರೇ ಕೇಳಿರದ ಕರ್ನಾಟಕದ ಮನೆಗಳಲ್ಲೂ ಅಯ್ಯಾರರ ಪರಿಚಯವಾಯಿತು. ಕಥೆ ಬದಲಾದರೂ ಕಟ್ಟಳೆ ಉಳಿಯಬಲ್ಲದು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಹಮ್ಜಾ ಪರ್ಷಿಯಾದಿಂದ ಬಂದವನು, ಹೋಶ್‌ರುಬಾ ಅಚ್ಚಾದದ್ದು ಲಖನೌದ ನವಲಕಿಶೋರ್ ಮುದ್ರಣಾಲಯದಲ್ಲಿ. ಇದರಲ್ಲಿ ದೆಹಲಿಯ ಸ್ವಂತದ್ದು ಏನಿದೆ? ಆಕ್ಷೇಪದಲ್ಲಿ ಹುರುಳಿದೆ. ಹೋಶ್‌ರುಬಾದ ಹಿಂದೆ ಇರುವವರು ಲಖನೌದ ಮೀರ್ ಅಹ್ಮದ್ ಅಲಿಯಂಥ ಕಥೆಗಾರರು. 1883ರಿಂದ ಅದನ್ನು ಬರವಣಿಗೆಗೆ ಇಳಿಸಿದ ಮುಹಮ್ಮದ್ ಹುಸೇನ್ ಜಾಹ್ ಮತ್ತು ಆಮೇಲೆ ಮುಂದುವರಿಸಿದ ಅಹ್ಮದ್ ಹುಸೇನ್ ಕಮರ್ ಇಬ್ಬರೂ ಲಖನೌದವರೇ. ಆದರೆ ಹೊಸ ಲೋಕದ ಸೃಷ್ಟಿಗೆ ದೆಹಲಿ ಕೊಟ್ಟ ಉದಾಹರಣೆ ಸಯ್ಯದ್ ಅಹ್ಮದ್ ಖಾನರ ಪಟ್ಟಿಯಲ್ಲೇ ಇದೆ: ‘ಬೋಸ್ತಾನ್-ಎ-ಖಯಾಲ್’. ಅಹಮದಾಬಾದಿನ ಮೀರ್ ತಕೀ ಖಯಾಲ್ 18ನೆಯ ಶತಮಾನದಲ್ಲಿ ದೆಹಲಿಗೆ ಬಂದವನು. ಹಮ್ಜಾನ ಕಥೆ ನಡೆಯುತ್ತಿದ್ದ ಬೈಠಕ್ಕೊಂದರಲ್ಲಿ ಅಲ್ಲಿನವರು ಅವನನ್ನು ಹಗುರವಾಗಿ ಕಂಡರೆಂದೂ, ಅದಕ್ಕೆ ಜವಾಬಾಗಿ ಅವನು ತನ್ನದೇ ಕಥೆ ಹೊಸೆಯತೊಡಗಿದನೆಂದೂ ಪ್ರತೀತಿಯಿದೆ. ಕಥೆ ಬೆಳೆದು ಪರ್ಷಿಯನ್ ಭಾಷೆಯ 15 ಸಂಪುಟವಾಯಿತು; ಮುಗಿದದ್ದು ಮುರ್ಶಿದಾಬಾದಿನ ಆಶ್ರಯದಲ್ಲಿ. ಹಮ್ಜಾನ ಲೋಕದ ಅಚ್ಚನ್ನು ಇಟ್ಟುಕೊಂಡೇ ಖಯಾಲ್ ಒಳಗಿನ ತರ್ಕ ಬದಲಿಸಿದ. ಅವನ ತಿಲಿಸ್ಮುಗಳನ್ನು ಕಟ್ಟುವವರಲ್ಲಿ ಹಕೀಮರು, ಅಂದರೆ ತತ್ವ ಮತ್ತು ಖಗೋಳ ಬಲ್ಲ ಪಂಡಿತರು, ಮುಂದಿದ್ದಾರೆ. ಮಾಯೆಯ ಹಿಂದೆ ವಿದ್ಯೆಯಿದೆ. ಒಂದು ಶತಮಾನ ಕಳೆಯುವಷ್ಟರಲ್ಲಿ ಅದು ಮೂಲದ ಪಕ್ಕದಲ್ಲೇ ಮಸೀದಿಯ ಮೆಟ್ಟಿಲ ಮೇಲೆ ಜಾಗ ಗಿಟ್ಟಿಸಿಕೊಂಡಿತ್ತು. ಇರುವ ಲೋಕವೊಂದಕ್ಕೆ ಎದುರು ಹೂಡಿ, ಅದೇ ಕಸುಬಿನ ನಿಯಮಗಳಿಂದ ಇನ್ನೊಂದನ್ನು ಕಟ್ಟಿ, ಅದೇ ಸಭೆಯಿಂದ ಮನ್ನಣೆ ಪಡೆದ ಈ ಪ್ರಸಂಗಕ್ಕೆ ಸ್ವಂತಿಕೆ ಎಂಬ ಮಾತು ಸಲ್ಲದಿದ್ದರೆ ಇನ್ಯಾವುದಕ್ಕೂ ಸಲ್ಲದು. ಎಲ್ಫ್, ಡ್ವಾರ್ಫ್‌ಗಳನ್ನು ಟೋಲ್ಕಿನ್ ಕೂಡ ಉತ್ತರ ಯುರೋಪಿನ ಹಳೆಯ ಕಥೆಗಳಿಂದಲೇ ತಂದದ್ದು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ದಾಸ್ತಾನ್ ಎಷ್ಟಾದರೂ ಕಥೆ, ಆಟವಲ್ಲ. ಕೇಳುಗ ಅಮರ್ ಅಯ್ಯಾರನಾಗಿ ಮಾತಾಡುವುದಿಲ್ಲ, ದಾಳ ಹಾಕುವುದಿಲ್ಲ, ಮುಂದೇನಾಗಬೇಕೆಂದು ನಿರ್ಧರಿಸುವುದಿಲ್ಲ. ಈ ವ್ಯತ್ಯಾಸವನ್ನು ತೇಲಿಸಿಬಿಡುವುದು ಸರಿಯಲ್ಲ. ಆದರೆ ಕೇಳುಗ ಬರೀ ಕೇಳುಗನಾಗಿದ್ದನೆಂಬ ಮಾತೂ ನಿಲ್ಲುವುದಿಲ್ಲ. ದಾಸ್ತಾನನ್ನು ‘ತಡೆದು ನಿಲ್ಲಿಸುವುದು’ ಈ ಕಸುಬಿನ ದೊಡ್ಡ ಪಂದ್ಯ: ಪ್ರೇಮಿಗಳ ನಡುವೆ ಒಂದು ಪರದೆ ಮಾತ್ರ ಉಳಿದಿರುವಲ್ಲಿಗೆ ಕಥೆಯನ್ನು ತಂದು, ವರ್ಣನೆಯ ಮೇಲೆ ವರ್ಣನೆ ಪೇರಿಸುತ್ತ ದಿನಗಟ್ಟಲೆ ಆ ಪರದೆ ಸರಿಯದಂತೆ ನೋಡಿಕೊಳ್ಳುವುದು. ಸಭೆಯ ತಾಳ್ಮೆ, ಕುತೂಹಲ, ವಾಹವಾಗಳ ಮೇಲೆ ಅದು ನಿಂತಿತ್ತು. ಕೇಳುವವರು ಎದ್ದುಹೋದರೆ ಕಥೆಗಾರ ಸೋತಂತೆ. ಕೇಳುಗನೇ ಪಾತ್ರವಾಗುವ ಹೆಜ್ಜೆ ಇಲ್ಲಿಂದ ಬಹಳ ದೂರವೇನಲ್ಲ ಎಂಬುದಕ್ಕೆ ಕನ್ನಡದವರ ಕಣ್ಣೆದುರಿಗೇ ತಾಳಮದ್ದಳೆಯಿದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಕೃಷ್ಣನೋ ಕೌರವನೋ ಆಗಿ ಆಶುವಾಗಿ ವಾದ ಹೂಡುತ್ತಾನೆ. ಪದ್ಯ ಮತ್ತು ಕಥೆಯ ಗತಿ ನಿಗದಿ, ಮಾತು ಸ್ವತಂತ್ರ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರೂ ಮಲ್ಪೆಯ ಸಾಮಗರೂ ಎದುರುಬದುರು ಕೂತರೆ, ಗೊತ್ತಿದ್ದ ಪ್ರಸಂಗದಲ್ಲೂ ಈ ರಾತ್ರಿ ಯಾವ ಪ್ರಶ್ನೆ ಏಳುತ್ತದೆ, ಯಾರು ಹೇಗೆ ಜಾರಿಕೊಳ್ಳುತ್ತಾರೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಗೇಮ್ ಮಾಸ್ಟರನ ಸ್ಥಾನದಲ್ಲಿ ಭಾಗವತರು, ಆಟಗಾರರ ಸ್ಥಾನದಲ್ಲಿ ಅರ್ಥಧಾರಿಗಳು ಎಂದರೆ ಹೋಲಿಕೆ ಅತಿಯಾಗದು. ಒಂದು ಕೊರತೆ ಮಾತ್ರ ಉಂಟು: ತಾಳಮದ್ದಳೆಯಲ್ಲಿ ವಾದಿಸಿ ಗೆದ್ದರೂ ಕರ್ಣ ಸಾಯಲೇಬೇಕು. ದಾಸ್ತಾನಿನಲ್ಲಿ ಲೋಕ ಹಿಗ್ಗುತ್ತದೆ, ಕೇಳುಗ ಪಾತ್ರವಾಗುವುದಿಲ್ಲ. ತಾಳಮದ್ದಳೆಯಲ್ಲಿ ಮಾತುಗಾರ ಪಾತ್ರವಾಗುತ್ತಾನೆ, ಲೋಕ ಹಿಗ್ಗುವುದಿಲ್ಲ. 1974ರ ಆಟದ ಹೊಸತನ ಇರುವುದು ಇವೆರಡನ್ನೂ ಕೂಡಿಸಿ, ಫಲಿತಾಂಶವನ್ನು ದಾಳಕ್ಕೆ ಒಪ್ಪಿಸಿದ್ದರಲ್ಲಿ. ಸಭೆಯ ನಡುವೆ ಬಾಯಿಮಾತಿನಲ್ಲಿ ಲೋಕ ಕಟ್ಟುವ ಮೂಲ ಕಸುಬು ಅದಕ್ಕಿಂತ ಬಹಳ ಹಳೆಯದು.

ಮೂರನೆಯ ಆಕ್ಷೇಪ ಹಳೆಯದು, ಎತ್ತಿದವರು ಉರ್ದುವಿನ ದೊಡ್ಡವರೇ. 1857ರ ಸೋಲಿನ ಬಳಿಕ ಸಾಹಿತ್ಯ ಸಹಜವಾಗಿರಬೇಕು, ಸಮಾಜಕ್ಕೆ ಉಪಯೋಗವಾಗಬೇಕು ಎಂಬ ಗಾಳಿ ಬೀಸಿತು. 1893ರಲ್ಲಿ ಬಂದ ಅಲ್ತಾಫ್ ಹುಸೇನ್ ಹಾಲಿಯವರ ಕಾವ್ಯವಿಚಾರದ ಗ್ರಂಥ ಉತ್ಪ್ರೇಕ್ಷೆಯ ವಿರುದ್ಧ ನಿಂತಿತು. ದಾಸ್ತಾನ್ ಆಗ ಅವನತಿಯ ಅಫೀಮಿನಂತೆ ಕಾಣತೊಡಗಿತು. ಆದರೆ ಕೆಂಪುಕೋಟೆಗೂ ಜಾಮಾ ಮಸೀದಿಗೂ ನಡುವಿನ ಮನೆಗಳನ್ನು ಬ್ರಿಟಿಷರು ಕೆಡವಿ, ಮಸೀದಿಯನ್ನೇ 1862ರವರೆಗೆ ವಶದಲ್ಲಿಟ್ಟುಕೊಂಡಿದ್ದ ದಿನಗಳಲ್ಲಿ ದಾಸ್ತಾನ್ ಯಾರ ಕೈಯಲ್ಲಿತ್ತು ಎಂದು ನೋಡಬೇಕು. ಗೆಳೆಯರನ್ನು ಕಳೆದುಕೊಂಡು ಪಾಳುಬಿದ್ದ ದೆಹಲಿಯಲ್ಲಿ ಉಳಿದಿದ್ದ ಮಿರ್ಜಾ ಗಾಲಿಬ್, 1861ರ ಸುಮಾರಿಗೆ ಮೀರ್ ಮೆಹದಿ ಮಜರೂಹ್‌ಗೆ ಬರೆದ ಪತ್ರದಲ್ಲಿ ಹಮ್ಜಾನ ದಾಸ್ತಾನಿನ ದಪ್ಪ ಪುಸ್ತಕವೂ ಬೋಸ್ತಾನಿನ ಒಂದು ಸಂಪುಟವೂ ಕೈಗೆ ಬಂದಿವೆ, ಜೊತೆಗೆ 17 ಬಾಟಲಿ ಒಳ್ಳೆಯ ಮದ್ಯವೂ ಇದೆ, ಹಗಲು ಓದು ಇರುಳು ಕುಡಿತ ಎಂದು ಸಂಭ್ರಮಪಡುತ್ತಾನೆ. ಖ್ವಾಜಾ ಅಮಾನ್ ಬೋಸ್ತಾನನ್ನು ಉರ್ದುವಿಗೆ ತಂದಾಗ ಮುನ್ನುಡಿ ಬರೆದವನೂ ಗಾಲಿಬನೇ. ಆ ಕಾಲದ ಪತ್ರಗಳಲ್ಲಿ ನಗರದ ನಾಶವನ್ನು ಅವನಷ್ಟು ನಿಖರವಾಗಿ ದಾಖಲಿಸಿದವರು ಕಡಿಮೆ. ವಾಸ್ತವವನ್ನು ಅಷ್ಟು ಕಂಡವನಿಗೂ ಕಲ್ಪಿತ ಲೋಕ ಬೇಕಾಗಿತ್ತು ಎಂದಮೇಲೆ, ಅದು ವಾಸ್ತವದಿಂದ ಕಣ್ಣು ಮುಚ್ಚಿಕೊಳ್ಳುವ ಉಪಾಯ ಎಂಬ ತೀರ್ಪು ಅವಸರದ್ದು. ನಿಯಮಗಳೇ ಕುಸಿದ ಊರಿನಲ್ಲಿ, ನಿಯಮ ತಪ್ಪದ ಲೋಕವೊಂದು ಕೊಡುವ ಸಮಾಧಾನವೇ ಬೇರೆ.

ಹಾಗಾದರೆ ಇಷ್ಟು ಗಟ್ಟಿಯಾದ ಕಸುಬು ಕಳೆದುಹೋದದ್ದು ಹೇಗೆ? ಮುದ್ರಣ ಅದನ್ನು ಕೊಂದಿತು ಎಂಬುದು ಅರ್ಧ ಸತ್ಯ. ನವಲಕಿಶೋರ್ ಮುದ್ರಣಾಲಯ ಹಮ್ಜಾನ ದಾಸ್ತಾನನ್ನು 46 ಬೃಹತ್ ಸಂಪುಟಗಳಲ್ಲಿ ಹೊರತಂದದ್ದರಿಂದಲೇ ಆ ಲೋಕ ನಮಗೆ ಉಳಿದಿದೆ. ಸೊರಗಿದ್ದು ಸಭೆ. ದೆಹಲಿಯ ಕೊನೆಯ ದೊಡ್ಡ ದಾಸ್ತಾನ್‌ಗೋ ಮೀರ್ ಬಾಕರ್ ಅಲಿಯ ಬಾಳಿನಲ್ಲಿ ಅದು ಕಾಣುತ್ತದೆ. ಅವನ ಹಿರಿಯರಿಗೆ ಕೆಂಪುಕೋಟೆಯ ಆಶ್ರಯವಿತ್ತು. ಸೋದರಮಾವ ಮೀರ್ ಕಾಜಿಮ್ ಅಲಿಯಿಂದ ಅವನು ವಿದ್ಯೆ ಕಲಿತ. ಕೋಟೆಯ ದರ್ಬಾರು ಹೋದ ಮೇಲೆ ಹಕೀಮ್ ಅಜ್ಮಲ್ ಖಾನರಂಥ ರಸಿಕರ ದಿವಾನಖಾನೆಗಳಲ್ಲಿ ಹೇಳಿದ. ಆಮೇಲೆ ಮನೆಯಲ್ಲೇ ಪುಡಿಗಾಸು ಪಡೆದು ಬೈಠಕ್ ನಡೆಸಿದ. ಕೊನೆಕೊನೆಗೆ ಅಡಿಕೆ ಮಾರಿದ. ಅವನು ತೀರಿಕೊಂಡದ್ದು 1928ರಲ್ಲಿ. ಭಾರತೀಯ ಭಾಷಾ ಸರ್ವೇಕ್ಷಣೆಗಾಗಿ 1920ರಲ್ಲಿ ಅವನ ದನಿಯನ್ನು ಗ್ರಾಮೊಫೋನ್ ತಟ್ಟೆಗೆ ಇಳಿಸಿದ್ದಾರೆ. ತಟ್ಟೆಯ ಒಂದು ಬದಿಗೆ ಹಿಡಿಯುವುದು ಕೆಲವೇ ನಿಮಿಷ. ಒಂದು ಪರದೆ ಸರಿಸಲು ವಾರ ತೆಗೆದುಕೊಳ್ಳುವ ಕಲೆಗೆ ಅಷ್ಟೇ ಜಾಗ. ಬಿಡುವಿರುವ, ಮರುದಿನವೂ ಬಂದು ಕೂರುವ, ನಿನ್ನೆಯ ಮಾತಿಗೂ ಇಂದಿನ ಮಾತಿಗೂ ತಾಳೆ ನೋಡುವ ಕೇಳುಗರು ಚದುರಿಹೋದಾಗ ಲೋಕ ಬೆಳೆಯುವುದನ್ನು ನಿಲ್ಲಿಸಿತು.

2005ರ ಮೇ ತಿಂಗಳಲ್ಲಿ ದೆಹಲಿಯ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಮಹಮೂದ್ ಫಾರೂಕಿ ದಾಸ್ತಾನನ್ನು ಮತ್ತೆ ವೇದಿಕೆಗೆ ತಂದರು. ಹಿಂದೆ ಇದ್ದದ್ದು ಆ 46 ಸಂಪುಟಗಳನ್ನು ಅಲೆದು ಕೂಡಿಹಾಕಿ ಓದಿದ ವಿದ್ವಾಂಸ ಶಮ್ಸುರ್ರಹಮಾನ್ ಫಾರೂಕಿ ಅವರ ಪರಿಶ್ರಮ. ಇಬ್ಬರು ಬಿಳಿಯ ಉಡುಪಿನಲ್ಲಿ ಕೂತು ಹೋಶ್‌ರುಬಾ ಹೇಳುವ ಈ ಹೊಸ ಕ್ರಮ ಹೆಚ್ಚಾಗಿ ಮುದ್ರಿತ ಪಾಠವನ್ನೇ ಕಂಠಪಾಠ ಮಾಡಿಕೊಂಡು ಶುರುವಾಯಿತು. ಆಮೇಲೆ ಹೊಸ ದಾಸ್ತಾನುಗಳೂ ಬಂದವು. ಲೂಯಿಸ್ ಕ್ಯಾರಲ್‌ನ ಆಲಿಸ್ ಕೂಡ ದಾಸ್ತಾನಾದಳು. ಅಂದರೆ ಅಚ್ಚು ಇನ್ನೂ ಕೆಲಸ ಮಾಡುತ್ತದೆ. ಒಂದೆರಡು ಗಂಟೆಯ ಪ್ರದರ್ಶನಕ್ಕೆ ಟಿಕೆಟ್ ಕೊಂಡು ಬರುವ ಪ್ರೇಕ್ಷಕ ನಾಳೆ ಮತ್ತೆ ಬರುವುದಿಲ್ಲ ಎಂಬುದು ಅದರ ಮಿತಿ. ವಾರವಾರ ಅದೇ ನಾಲ್ಕೈದು ಮಂದಿ ಸೇರಿ ಬಿಟ್ಟಲ್ಲಿಂದ ಕಥೆ ಎತ್ತಿಕೊಳ್ಳುವ ರೂಢಿ ಈಗ ಇರುವುದು ರೋಲ್‌ಪ್ಲೇಯಿಂಗ್ ಆಟದ ಮೇಜಿನ ಸುತ್ತ. ಗುರುಗ್ರಾಮದಲ್ಲೋ ನೊಯ್ಡಾದಲ್ಲೋ ಅಂಥದೊಂದು ಗುಂಪು ಹೊಸ ಲೋಕ ಹೊಸೆಯಲು ಹೊರಟರೆ, ಅದಕ್ಕೆ ದೆಹಲಿಯಿಂದ ಸಿಗುವುದು ಪರಿ, ಜಿನ್ನ್, ಗುಮ್ಮಟಗಳ ಅಲಂಕಾರ ಮಾತ್ರ ಎಂದುಕೊಂಡರೆ ನಷ್ಟ. ಡ್ರಾಗನ್ ತೆಗೆದು ದೈತ್ಯನನ್ನು ಇಟ್ಟ ಮಾತ್ರಕ್ಕೆ ಲೋಕ ಹೊಸದಾಗುವುದಿಲ್ಲ. ಮೊದಲೇ ಸಾರಿದ ಕಟ್ಟಳೆ, ಅದನ್ನು ಮುರಿಯದೆ ದಾರಿ ಹುಡುಕುವ ಅಯ್ಯಾರ, ಎಲ್ಲ ಮಾಯೆಗೂ ಎಲ್ಲೋ ಒಂದು ಕಡೆ ಇರಲೇಬೇಕಾದ ಕೀಲಿ, ಒಬ್ಬನ ಕಥೆಗೆ ಎದುರಾಗಿ ಇನ್ನೊಬ್ಬ ತನ್ನದನ್ನು ಹೂಡಬಹುದಾದ ಸಲಿಗೆ: ಈ ನಾಲ್ಕನ್ನು ಎತ್ತಿಕೊಂಡ ಗುಂಪು ಹೆಸರು ಉಡುಪುಗಳನ್ನು ಎಲ್ಲಿಂದ ತಂದರೂ ಖಯಾಲ್‌ನ ಕಸುಬನ್ನೇ ಮುಂದುವರಿಸುತ್ತದೆ.